ಕ್ಲಚ್ಚಿನ ಕಾಲು

ನಂತೂರು ಸರ್ಕಲ್ಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ
ಬಸ್ಸು ಓಡುವುದಿಲ್ಲ, ತೆವಳುತ್ತದೆ.
ಎಡಗಾಲು ಒತ್ತು, ಬಿಡು, ಒತ್ತು, ಬಿಡು.
ಹತ್ತೊಂಬತ್ತು ವರ್ಷದಿಂದ ಅದಕ್ಕೆ ಬೇರೆ ಕಸುಬಿಲ್ಲ.
ಬಲಗಾಲಾದರೂ ಬ್ರೇಕಿಗೂ ಆಕ್ಸಿಲರೇಟರಿಗೂ ನಡುವೆ
ಎರಡು ಮನೆಯ ಅಳಿಯನಂತೆ ಓಡಾಡಿಕೊಂಡಿದೆ.

ವಾಮಂಜೂರಿನಲ್ಲಿ ಒಂದು ದಿನ ಇಳಿದು
ಚಹಾಕ್ಕೆಂದು ನಾಲ್ಕು ಹೆಜ್ಜೆ ಇಟ್ಟಾಗ
ಬೆಲ್ಟಿಗಿಂತ ಒಂದು ಬೆರಳು ಕೆಳಗೆ
ಯಾರೋ ಸ್ಪ್ಯಾನರ್ ಹಾಕಿ ತಿರುಗಿಸಿದ ಹಾಗೆ.

ಎಣ್ಣೆ ತಿಕ್ಕಿಸಿದೆ. ಬಿಸಿನೀರಿನ ಚೀಲ ಇಟ್ಟೆ.
ನರ ಎಳೆಯುವವರೊಬ್ಬರು ಇದ್ದಾರೆಂದು
ಕಂಡಕ್ಟರ್ ಧರ್ಣಪ್ಪ ಕರೆದುಕೊಂಡು ಹೋದ.
ಅವರು ಎಳೆದರು, ನಾನು ಕೂಗಿದೆ,
ಮುನ್ನೂರು ರೂಪಾಯಿ ಅವರಿಗೆ ಹೋಯಿತು,
ನೋವು ನನ್ನಲ್ಲೇ ಉಳಿಯಿತು.
ಎಕ್ಸ್‌ರೇಯಲ್ಲಿ ಎಲುಬುಗಳು
ರೇಷನ್ ಅಂಗಡಿಯ ಕ್ಯೂವಿನಂತೆ ಒಂದರ ಹಿಂದೊಂದು, ಸರಿಯಾಗಿ.
ಎಲ್ಲ ಸರಿ ಉಂಟಾದರೆ ನನಗೆ ಎಂತ ಆದದ್ದು ಮಾರಾಯ್ರೇ?

ತೊಕ್ಕೊಟ್ಟಿನಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ
ಫಿಸಿಯೋ ಮಿಸ್ರಿಯಾ, ನನ್ನ ಮಗಳ ಪ್ರಾಯ,
ಬೆಂಚಿನ ಅಂಚಿನಲ್ಲಿ ಅಂಗಾತ ಮಲಗಿಸಿದರು.
ಬಲಮೊಣಕಾಲನ್ನು ಎದೆಗೆ ಅಪ್ಪಿಸಿ
"ಎಡಗಾಲನ್ನು ಕೆಳಗೆ ಬಿಡಿ" ಎಂದರು.
ಬಿಟ್ಟೆ.
ಅದು ಇಳಿಯಲೇ ಇಲ್ಲ.
ಗಾಳಿಯಲ್ಲಿ ನಿಂತಿತು,
ಅಲ್ಲಿಲ್ಲದ ಕ್ಲಚ್ಚಿಗೆ ಕಾಯುತ್ತಾ.

"ತೊಡೆಯ ಸಂದಿನಲ್ಲಿ ಒಂದು ಸ್ನಾಯು ಉಂಟು,
ಕೂತು ಕೂತು ಗಿಡ್ಡವಾಗಿದೆ.
ನೀವು ಎದ್ದರೂ ಅದು ಏಳುವುದಿಲ್ಲ,
ಸೊಂಟವನ್ನು ಮುಂದಕ್ಕೆ ಜಗ್ಗುತ್ತದೆ.
ಹಿಂದೆ, ನೀವು ಕೂರುವ ಜಾಗದ್ದು
ಮೈಯಲ್ಲೇ ದೊಡ್ಡ ಸ್ನಾಯು, ಕೆಲಸ ಮರೆತಿದೆ.
ಹೊಟ್ಟೆಯದ್ದು..."
ನಾನು ಉಸಿರೆಳೆದು ಒಳಗೆ ಮಾಡಿಕೊಂಡೆ
"...ರಜೆಯಲ್ಲಿದೆ.
ಈಗ ಹೇಳಿ, ಇಷ್ಟು ಜನರ ಕೆಲಸ ಯಾರು ಮಾಡುದು?"

ಉತ್ತರ ನನಗೆ ಗೊತ್ತಿತ್ತು.
ಚೌತಿಗೆ ಡ್ರೈವರುಗಳೆಲ್ಲ ರಜೆ ಹಾಕಿದಾಗ
ಮೊದಲ ಟ್ರಿಪ್ಪಿನಿಂದ ಕೊನೆಯ ಟ್ರಿಪ್ಪಿನ ತನಕ
ಒಬ್ಬನೇ ಓಡಿಸಿದವ ನಾನು.
ರಾತ್ರಿ ಧಣಿಗಳಿಂದ ಬೈಗುಳ ಸಿಕ್ಕಿದ್ದೂ ನನಗೇ, ಲೇಟಾಯಿತೆಂದು.
ಪಾಪದ ಬೆನ್ನು.
ಇಷ್ಟು ದಿನ ಅದನ್ನೇ ತಿಕ್ಕಿದೆ, ಅದನ್ನೇ ಎಳೆಸಿದೆ,
ದುಡಿಯುವವನನ್ನೇ ಹಿಡಿದು ವಿಚಾರಣೆ ಮಾಡಿದೆ.

ಸ್ಟೇಟ್ ಬ್ಯಾಂಕಿನಲ್ಲಿ ಎರಡು ಟ್ರಿಪ್ಪಿನ ನಡುವೆ ಹನ್ನೊಂದು ನಿಮಿಷ.
ಹಿಂದಿನ ಉದ್ದ ಸೀಟಿನಲ್ಲಿ ಮಲಗಿ, ಮೊಣಕಾಲು ಮಡಚಿ,
ಕುಂಡೆ ಬಿಗಿಹಿಡಿದು ಸೊಂಟ ಎತ್ತುವುದು.
ಹತ್ತು ಎಣಿಸುವುದು. ಇಳಿಸುವುದು.
ಮೊದಲ ವಾರ ಎತ್ತಿದ್ದೂ ಬೆನ್ನೇ,
ಕರೆಯದಿದ್ದರೂ ಬಂದು ಹೆಗಲು ಕೊಡುವ ಜಾತಿಯದು.
ಗಟ್ಟಿಯಾಗುತ್ತದೋ ಒತ್ತಿ ನೋಡಿ ಎಂದಿದ್ದರು.
ಒತ್ತಿದೆ:
ಗೋಳಿಬಜೆಯ ಹಿಟ್ಟು.

ಆಮೇಲೆ ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದು ಮುಂದಿಟ್ಟು
ಮೆಲ್ಲ ಮುಂದಕ್ಕೆ ಸರಿದರೆ
ತೊಡೆಯ ಸಂದಿನಲ್ಲಿ ಹಳೆ ಬಾಗಿಲೊಂದು ಕಿರ್ರೆಂದಿತು.
"ಎಂತ ಹರಕೆ ಲೋಕಯ್ಯಣ್ಣ?" ಎಂದ ಧರ್ಣಪ್ಪ.
ಪಕ್ಕದ ಬಸ್ಸಿನವರೂ ಕಿಟಕಿಯಿಂದ ತಲೆ ಹಾಕಿದರು.

ನಾಲ್ಕನೆಯ ವಾರ, ಬೆರಳಿನ ಕೆಳಗೆ
ಏನೋ ಒಂದು ಎಚ್ಚರಗೊಂಡು ಬಿಗಿಯಿತು.
ತಪ್ಪಿ ಯಾರದ್ದೋ ಮನೆಯ ಬೆಲ್ ಒತ್ತಿದೆನೋ ಎಂದು
ಬೆಚ್ಚಿ ಕೈ ತೆಗೆದೆ.

ನೋವು ಹೋಯಿತೋ ಕೇಳಿದರೆ, ಪೂರ್ತಿ ಇಲ್ಲ.
ನಂತೂರು ಇನ್ನೂ ಅಲ್ಲೇ ಉಂಟು.
ಆದರೆ ಮೊನ್ನೆ ಬೂಟಿನ ಲೇಸು ಕಟ್ಟಿ ಮುಗಿದ ಮೇಲೆ ನೆನಪಾಯಿತು,
ಬಗ್ಗುವ ಮೊದಲು ಹಲ್ಲು ಕಚ್ಚಲಿಕ್ಕೆ ಮರೆತಿದ್ದೆ.

ನಿನ್ನೆ ಕೊನೆಯ ಟ್ರಿಪ್ಪಿನ ನಂತರ ಧರ್ಣಪ್ಪ,
ಹದಿನೈದು ವರ್ಷ ಒಂದೇ ಹೆಗಲಿಗೆ ಚೀಲ ಹಾಕಿ
ಒಂದೇ ಕಂಬಕ್ಕೆ ಒರಗಿ ಟಿಕೆಟು ಹರಿದವ,
ಚೀಲವನ್ನು ಇಳಿಸಿ, ಆಚೆ ಈಚೆ ನೋಡಿ
ಉದ್ದ ಸೀಟಿನಲ್ಲಿ ಮೆಲ್ಲ ಮಲಗಿ, ಕೇಳಿದ:
"ಎಲ್ಲಿ ಒತ್ತಿ ನೋಡುದು?"